ದೀಪದ ಬೆಳಕಿನಲ್ಲಿ ಇಟ್ಟ ಬಾಟಲಿ

ಮಧ್ಯಾಹ್ನ ಸುರಿದ ಮಳೆಗೆ ಕಾಫಿ ಗಿಡಗಳು ಇನ್ನೂ ತೊಟ್ಟಿಕ್ಕುತ್ತಿದ್ದವು. ಏಪ್ರಿಲ್ ತಿಂಗಳ ಕೊನೆ. ಪೊನ್ನಂಪೇಟೆಯಿಂದ ಏಳೆಂಟು ಕಿಲೋಮೀಟರ್ ಒಳಗೆ, ಗದ್ದೆಯ ಅಂಚಿನಿಂದ ಮೇಲೇರುವ ಓಣಿಯ ತುದಿಯಲ್ಲಿ ಐನ್‌ಮನೆ, ಅಂದರೆ ಕೊಡವ ಕುಲವೊಂದರ ಮೂಲಮನೆ. ಓಣಿಯ ಎರಡೂ ಕಡೆ ಎದೆಯೆತ್ತರದ ಮಣ್ಣಿನ ಬರೆ, ಬರೆಯ ಮೇಲೆ ಜರಿಗಿಡ, ಜರಿಗಿಡದ ಮೇಲೆ ಆಗಷ್ಟೇ ಎಳೆದ ಬಣ್ಣದ ಬಲ್ಬುಗಳ ಸಾಲು. ನಾಳೆ ಈ ಮನೆಯ ಹುಡುಗನ ಮದುವೆ. ಇವತ್ತು ಊರು ಕೂಡುವ ದಿನ. ಕೊಡವರು ‘ಊರ್ ಕೂಡುವೊ’ ಅನ್ನುತ್ತಾರೆ.

ಊರವರು ಎಂದರೆ ಲಗ್ನಪತ್ರಿಕೆ ಹಿಡಿದು ಬಂದು ಕುರ್ಚಿ ಹುಡುಕುವ ಅತಿಥಿಗಳಲ್ಲ. ಮನೆಯಿಂದ ಕತ್ತಿ ಹಿಡಿದುಕೊಂಡೇ ಬಂದವರು. ನಾನು ತಲುಪುವ ಹೊತ್ತಿಗೆ ಹಿತ್ತಿಲಲ್ಲಿ ಹತ್ತು ಹನ್ನೆರಡು ಗಂಡಸರು ಮರದ ಕೊರಡುಗಳ ಮುಂದೆ ಕೂತು ಪಂದಿ ಮಾಂಸ ಕೊಚ್ಚುತ್ತಿದ್ದರು. ಹೆಂಗಸರ ಗುಂಪೊಂದು ಕಡುಬಿಗೆ ಅಕ್ಕಿತರಿ ಬೇಯಿಸಿ ಉಂಡೆ ಕಟ್ಟುತ್ತಿತ್ತು. ಒಲೆಯ ಮೇಲಿದ್ದ ಕೊಪ್ಪರಿಗೆಯಿಂದ ಹುರಿದ ಮಸಾಲೆಯ ಕಪ್ಪು ವಾಸನೆ. ಪಣಪುಳಿಯ ರಸವನ್ನು ಕಾಯಿಸಿ ಕಾಯಿಸಿ ಟಾರಿನಷ್ಟು ಕಪ್ಪಾಗಿಸಿದ ಕಾಚಂಪುಳಿಯ ಸೀಸೆ ಒಂದು ಕಡೆ, ಉಪ್ಪಿನ ಡಬ್ಬಿ ಒಂದು ಕಡೆ. ಮದುಮಗನ ಅಪ್ಪ ನನ್ನ ಕಾಲೇಜಿನ ಗೆಳೆಯ. ಮೈಸೂರಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದವರು ನಾವು. ನನ್ನ ಚೀಲ ತೆಗೆದುಕೊಂಡು ಒಳಗಿಟ್ಟವನೇ, “ಕೈಕಾಲು ತೊಳ್ಕೊ, ಮೊದಲು ದೊಡ್ಡವರಿಗೆ ಕೊಟ್ಟುಬಿಡೋಣ. ಆಮೇಲೆ ನಮ್ಮದು” ಅಂದ.

ದೊಡ್ಡವರೆಂದರೆ ಮನೆಯ ಅಜ್ಜಂದಿರು ಅಂದುಕೊಂಡೆ. ಅವನು ಹೇಳಿದ್ದು ಅವರಿಗಿಂತಲೂ ಹಿರಿಯರ ವಿಷಯ.

ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ ಹಚ್ಚಿದ್ದರು. ಐನ್‌ಮನೆಯ ನಡುಮನೆ ಅದು. ಒಕ್ಕದ, ಅಂದರೆ ಆ ಕುಲದ, ಹುಟ್ಟು, ಸಾವು, ಮದುವೆ ಎಲ್ಲಕ್ಕೂ ಸಾಕ್ಷಿ ಆ ದೀಪವೇ. ಒಕ್ಕದ ಹಿರಿಯರು ಬಾಳೆಎಲೆ ಹಾಸಿ ಅದರ ಮೇಲೆ ಕಡುಬು, ಪಂದಿ ಸಾರು, ಕೋಳಿ ಸಾರು ಇಟ್ಟರು. ಎಲೆಯ ಪಕ್ಕದಲ್ಲಿ ಒಂದು ಪುಟ್ಟ ಹಿತ್ತಾಳೆಯ ಲೋಟ. ಅದಕ್ಕೆ ಬ್ರಾಂದಿ ಸುರಿದರು. ಸುರಿಯುವಾಗ ಅವರ ಕೈ ದೇವರಿಗೆ ಅಭಿಷೇಕ ಮಾಡುವವರ ಕೈಯ ಹಾಗೆಯೇ ಇತ್ತು, ಅವಸರವಿಲ್ಲ, ಚೆಲ್ಲುವುದಿಲ್ಲ. ತೀರಿಹೋದ ಹಿರಿಯರಿಗೆ ಹೀಗೆ ಎಡೆಯಿಡುವುದಕ್ಕೆ ‘ಮೀದಿ’ ಎಂದು ಹೆಸರು. ಗುರುಕಾರಣನನ್ನು, ಅಂದರೆ ಒಕ್ಕದ ಮೂಲಪುರುಷನನ್ನು ನೆನೆದು ಎಲ್ಲರೂ ಅಕ್ಕಿ ಹಾಕಿ ಕೈಮುಗಿದರು. ಮಕ್ಕಳೂ ಇದ್ದರು. ಮದ್ಯದ ಲೋಟವನ್ನು ಯಾರೂ ಮಕ್ಕಳ ಕಣ್ಣಿನಿಂದ ಮರೆಮಾಡಲಿಲ್ಲ. ಹಾಗೆಯೇ ಯಾವ ಮಗುವೂ ಅದನ್ನು ವಿಶೇಷವಾಗಿ ನೋಡಲೂ ಇಲ್ಲ.

ನಾನು ಬೆಳೆದದ್ದು ಮದ್ದೂರಿನ ಕಡೆ. ನಮ್ಮಲ್ಲಿ ಧಾರೆಯ ದಿನದ ಊಟ ಹಪ್ಪಳ, ಪಾಯಸ, ಅನ್ನಸಾರು. ಮಾಂಸದ ಊಟ ಅದಾದ ಮೇಲೆ, ಬೀಗರ ಔತಣಕ್ಕೆ. ಆ ಔತಣದಲ್ಲಿ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು ಎಲ್ಲವೂ ಪೆಂಡಾಲಿನ ಕೆಳಗೆ ಬಹಿರಂಗ. ಎಣ್ಣೆ ಮಾತ್ರ ಪಂಪ್‌ಸೆಟ್ ಮನೆಯ ಹಿಂದೆ. ಕಬ್ಬಿನ ಗದ್ದೆಯ ಬದುವಿನಲ್ಲಿ, ಅಳಿಯಂದಿರ ಕಾರಿನ ಡಿಕ್ಕಿಯಲ್ಲಿ, ನೀರಿನ ಬಾಟಲಿಯೊಳಗೆ ಬಣ್ಣ ಬದಲಿಸಿಕೊಂಡು. ಯಾರು ತಂದರು, ಎಷ್ಟು ತಂದರು, ಯಾರು ಕುಡಿದರು ಎಂಬುದು ಊರಿಗೆಲ್ಲ ಗೊತ್ತು. ಆದರೆ ಯಾರಿಗೂ ಗೊತ್ತಿಲ್ಲವೆಂಬ ನಟನೆ. ಮನೆಯ ಯಜಮಾನನೇ ಹಣ ಕೊಟ್ಟಿರುತ್ತಾನೆ, ಆದರೆ ಆ ಕಡೆ ತಲೆಹಾಕುವುದಿಲ್ಲ. ಹಿರಿಯರು ಕೆಮ್ಮಿದರೆ ಸಾಕು, ಗದ್ದೆಯಲ್ಲಿದ್ದವರು ಅರ್ಧ ಲೋಟವನ್ನು ಒಂದೇ ಗುಟುಕಿಗೆ ಇಳಿಸಿ ಎದ್ದುಬಿಡುತ್ತಿದ್ದರು. ಹಾಗೆ ಗಟಗಟನೆ ಇಳಿಸಿ ಬೈಕು ಹತ್ತಿದ ನನ್ನ ಚಿಕ್ಕಪ್ಪನ ಮಗ ಹೆದ್ದಾರಿಗೆ ಸೇರುವ ತಿರುವಿನಲ್ಲೇ ಬಿದ್ದ. ಜೀವ ಉಳಿಯಿತು. ಬಲಗಾಲು ಇಂದಿಗೂ ಎಳೆಯುತ್ತದೆ. ಅವತ್ತು ಅವನು ಎಷ್ಟು ಕುಡಿದಿದ್ದ ಎಂದು ಆಸ್ಪತ್ರೆಯಲ್ಲಿ ವೈದ್ಯರು ಕೇಳಿದಾಗ ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಕತ್ತಲಲ್ಲಿ ಸುರಿದದ್ದಕ್ಕೆ ಲೆಕ್ಕ ಇಡುವವರು ಯಾರು?

ಆ ನೆನಪು ಹೊತ್ತುಕೊಂಡೇ ಐನ್‌ಮನೆಯ ಅಂಗಳಕ್ಕೆ ಇಳಿದೆ.

ಕಯ್ಯಾಲೆಯ, ಅಂದರೆ ಮುಂಜಗಲಿಯ, ನೇರ ಎದುರಿಗೆ, ಹಲಸಿನ ಮರದ ಕೆಳಗೆ ಉದ್ದನೆಯ ಮೇಜು. ಬಿಳಿ ಬಟ್ಟೆ ಹಾಸಿದೆ. ಮರದ ಕೊಂಬೆಗೆ ಎರಡು ಟ್ಯೂಬ್‌ಲೈಟ್ ಕಟ್ಟಿ, ಇಡೀ ಅಂಗಳದಲ್ಲಿ ಅತಿ ಹೆಚ್ಚು ಬೆಳಕಿರುವ ಜಾಗ ಅದೇ ಆಗುವಂತೆ ಮಾಡಿದ್ದಾರೆ. ರಮ್, ವಿಸ್ಕಿ, ಬ್ರಾಂದಿ, ಜಿನ್ ಬಾಟಲಿಗಳು ಒಂದೊಂದೇ ಸಾಲಿನಲ್ಲಿ. ಪ್ಲಾಸ್ಟಿಕ್ ಟಬ್ಬಿನ ಐಸಿನಲ್ಲಿ ಕತ್ತುಮಟ್ಟ ಮುಳುಗಿದ ಬಿಯರ್. ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನು, ಶುಂಠಿ ವೈನು. ಮೇಜಿನ ಬಲತುದಿಯಲ್ಲಿ ನಿಂಬೆ ಶರಬತ್ತು, ಪ್ಯಾಶನ್ ಫ್ರೂಟ್ ರಸ, ಮಜ್ಜಿಗೆ. ಅವುಗಳಿಗೂ ಅದೇ ಬಿಳಿ ಬಟ್ಟೆ, ಅದೇ ಗಾಜಿನ ಲೋಟ. ನನಗೆ ಬಹಳ ಮೆಚ್ಚುಗೆಯಾದದ್ದು ಇದು. ಕುಡಿಯದವನನ್ನು ಪೇಪರ್ ಲೋಟ ಕೊಟ್ಟು ಬೇರೆ ಮೂಲೆಗೆ ಅಟ್ಟಿರಲಿಲ್ಲ.

ಮೇಜಿನ ಹಿಂದೆ ನಿಂತಿದ್ದವರು ಮದುಮಗನ ಸೋದರಮಾವ. ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಎಪ್ಪತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಕತ್ತರಿಸಿ ಒಪ್ಪಮಾಡಿದ ಮೀಸೆ. ಕಾರ್ಯಪ್ಪ, ತಿಮ್ಮಯ್ಯರ ಈ ನೆಲದಲ್ಲಿ ಸೈನ್ಯ ಸೇರದ ಒಕ್ಕವನ್ನು ಹುಡುಕುವುದೇ ಕಷ್ಟ. 1949ರ ಜನವರಿ 15ರಂದು ಕೆ.ಎಂ. ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ಅಲ್ಲಿಂದ ಇಲ್ಲಿಯವರೆಗೆ ರಜೆಗೆ ಬರುವ ಯೋಧರ ಟ್ರಂಕಿನಲ್ಲಿ ಕಂಬಳಿಯ ಜೊತೆ ರಮ್ಮಿನ ಬಾಟಲಿಯೂ ಈ ಬೆಟ್ಟಗಳಿಗೆ ಬಂದಿದೆ. ಹಳಬರು ರಮ್ಮಿಗೆ ಮಿಲಿಟರಿ ಎಂದೇ ಅನ್ನುತ್ತಾರೆ. ‘ನಿಮ್ಮ ಕ್ಯಾಂಟೀನ್ ಮಾಲಾ?’ ಎಂದು ನಾನು ಸುಮ್ಮನೆ ಕೇಳಿದೆ. ಸುಬೇದಾರರ ಮುಖ ಗಂಭೀರವಾಯಿತು. “ಕ್ಯಾಂಟೀನ್ ಕೋಟಾ ನನ್ನ ಮನೆಗೆ. ಮದುವೆಗೆ ಸನ್ನದು ತೆಗೆದು ತಂದದ್ದು” ಎಂದು ಮೇಜಿನ ಕೆಳಗಿನ ಫೈಲು ತೆಗೆದು ತೋರಿಸಿದರು. ಅಬಕಾರಿ ಇಲಾಖೆಯ ಸಿಎಲ್-5, ಅಂದರೆ ಸಾಂದರ್ಭಿಕ ಸನ್ನದು. ಸಮಾರಂಭವೊಂದರಲ್ಲಿ ಮದ್ಯ ಕೊಡುವುದಕ್ಕೆ ಇಂಥ ದಿನ, ಇಂಥ ಜಾಗ ಎಂದು ನಮೂದಿಸಿ ಪಡೆಯುವ ಅನುಮತಿ ಅದು. ಮದುವೆ ಮಾಡುವವರಲ್ಲಿ ಅನೇಕರಿಗೆ ಇಂಥದೊಂದು ಕಾಗದ ಇದೆಯೆಂಬುದೇ ಗೊತ್ತಿರುವುದಿಲ್ಲ. ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಇಟ್ಟಿದ್ದರು ಅವರು.

ಪಂಚಾಂಗ ನೋಡಿದರೆ ಸಾಲದು, ಇಲ್ಲಿ ಚುನಾವಣೆಯ ವೇಳಾಪಟ್ಟಿಯನ್ನೂ ನೋಡಬೇಕು ಎಂದರು ಸುಬೇದಾರರು. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಅದು ಮುಗಿದು, ಹೂಮಳೆ ಬಿದ್ದು, ಜೂನಿನ ಮಳೆ ಹಿಡಿಯುವ ಮುನ್ನ ಸಿಗುವ ಏಪ್ರಿಲ್–ಮೇ ಇವರಿಗೆ ಮದುವೆಯ ಕಾಲ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬವೂ ಈ ತಿಂಗಳುಗಳಲ್ಲೇ. ಮತದಾನವೂ ಇದೇ ಕಾಲಕ್ಕೆ ಬಂದು ಕೂರುತ್ತದೆ: 2018ರಲ್ಲಿ ಮೇ 12, 2019ರಲ್ಲಿ ಇಲ್ಲಿ ಏಪ್ರಿಲ್ 18, 2023ರಲ್ಲಿ ಮೇ 10, 2024ರಲ್ಲಿ ಏಪ್ರಿಲ್ 26. ಮತದಾನ ಮುಗಿಯುವ ಗಳಿಗೆಗೆ ಹಿಂದಿನ 48 ಗಂಟೆ ಮದ್ಯ ಮಾರುವಂತಿಲ್ಲ, ಕೊಡುವಂತಿಲ್ಲ, ಹಂಚುವಂತಿಲ್ಲ. ಮುಹೂರ್ತ ಗೊತ್ತುಮಾಡಿ, ಹಾಲ್ ಹಿಡಿದು, ಪತ್ರಿಕೆ ಹಂಚಿದ ಮೇಲೆ ಚುನಾವಣೆ ಘೋಷಣೆಯಾದರೆ ಮದುವೆಮನೆಯವರು ಏನು ಮಾಡಬೇಕು? ಶರಬತ್ತು ಕೊಡಬೇಕು. “ಕೊಟ್ಟವರೂ ಇದ್ದಾರೆ. ಮದುವೆ ನಿಲ್ಲಲಿಲ್ಲ” ಎಂದರು.

ಎಷ್ಟು ತರಿಸಿದಿರಿ ಎಂದು ಕೇಳಿದೆ. ಬಾಯಿಲೆಕ್ಕವನ್ನೇ ಒಪ್ಪಿಸಿದರು. ಐನೂರು ಜನ ಬಂದರೆ ಕುಡಿಯುವವರು ಇನ್ನೂರು. ತಲೆಗೆ 60 ಮಿಲಿಲೀಟರಿನ ಮೂರು ಲಾರ್ಜ್. ಅಲ್ಲಿಗೆ 36 ಲೀಟರ್. 750 ಮಿಲಿಲೀಟರಿನ ಬಾಟಲಿ 48, ಹನ್ನೆರಡರ ಪೆಟ್ಟಿಗೆಯಾದರೆ ನಾಲ್ಕು. ಬಿಯರು ಬೇರೆ. ಕಡಿಮೆ ಬಿದ್ದರೆ ತರುವುದಿಲ್ಲ. “ಮೂರರ ಮೇಲೆ ಕೊಡಬೇಕು ಅಂತ ಎಲ್ಲಿ ಬರೆದಿದೆ?” ಎಂದು ಅಳತೆಯ ಸ್ಟೀಲ್ ಬಟ್ಟಲು ಎತ್ತಿ ತೋರಿಸಿದರು. ಬಾಟಲಿಯನ್ನು ಯಾರ ಕೈಗೂ ಕೊಡುವುದಿಲ್ಲ ಎಂಬುದು ಅವರ ನಿಯಮ. ಮೇಜಿನ ಹಿಂದೆ ನಿಂತವನು ಕುಡಿಯುವಂತಿಲ್ಲ ಎಂಬುದು ಇನ್ನೊಂದು. ಅವರ ಜೊತೆ ನಿಂತಿದ್ದ ಇಬ್ಬರು ಹುಡುಗರೂ ಆ ಸಂಜೆ ಮಜ್ಜಿಗೆಯನ್ನೇ ಕುಡಿದರು. 21 ತುಂಬದವರಿಗೆ ಮದ್ಯ ಮಾರಬಾರದೆಂದು ಕರ್ನಾಟಕದ ಅಬಕಾರಿ ನಿಯಮ ಹೇಳುತ್ತದೆ. ಸುಬೇದಾರರಿಗೆ ಗುರುತಿನ ಚೀಟಿ ಬೇಕಿರಲಿಲ್ಲ; ಊರಿನ ಹುಡುಗರೆಲ್ಲ ಯಾವ ವರ್ಷ ಹುಟ್ಟಿದವರೆಂದು ಅವರಿಗೆ ಗೊತ್ತು. ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬ ಮೇಜಿನ ಬಳಿ ಬಂದು ನಿಂತಾಗ, “ನಿನ್ನ ಅಪ್ಪನ ಮದುವೆ ಯಾವ ಇಸವಿ?” ಎಂದು ಕೇಳಿ, ಕೂಡಿಸಿ ಕಳೆದು, ಪ್ಯಾಶನ್ ಫ್ರೂಟ್ ರಸ ಕೊಟ್ಟು ಕಳಿಸಿದರು.

ಹೊತ್ತು ಏರಿದಂತೆ ಅಂಗಳ ತುಂಬಿತು. ಬಂದವರು ಮೊದಲು ಹೋಗುವುದು ಮೇಜಿನ ಕಡೆಗಲ್ಲ. ಕಯ್ಯಾಲೆಯ ಐಮರದ, ಅಂದರೆ ಮರದ ಹಲಗೆಯ ಆಸನದ, ಮೇಲೆ ಸಾಲಾಗಿ ಕೂತ ಹಿರಿಯರ ಕಡೆಗೆ. ಕಿರಿಯರು ಬಗ್ಗಿ ಅವರ ಪಾದ ಮುಟ್ಟಿ ತಮ್ಮ ಹಣೆಗೆ ಒತ್ತಿಕೊಳ್ಳುತ್ತಾರೆ. ಹೀಗೆ ಮೂರು ಸಲ. ಹಿರಿಯರು ತಲೆ ನೇವರಿಸಿ ಹರಸುತ್ತಾರೆ. ಅದೇ ಕಿರಿಯ ಮತ್ತೆ ಐದು ನಿಮಿಷಕ್ಕೆ ಟ್ರೇ ಹಿಡಿದು ಬಂದು ಅದೇ ಅಜ್ಜನ ಕೈಗೆ ಲೋಟ ಕೊಡುತ್ತಾನೆ. ಅಜ್ಜ ಬೆರಳ ತುದಿ ಅದ್ದಿ ಎರಡು ಹನಿ ನೆಲಕ್ಕೆ ಚಿಮುಕಿಸಿ, ಆಮೇಲೆ ತುಟಿಗೆ ಇಡುತ್ತಾರೆ. ಪಾದ ಮುಟ್ಟಿದವನ ಎದುರಿಗೆ ಅಂಕೆ ಮೀರಿ ಕುಡಿಯುವುದು ಅಜ್ಜನಿಗೂ ಸಾಧ್ಯವಿಲ್ಲ, ಅಜ್ಜನ ಕಣ್ಣಳತೆಯಲ್ಲಿ ತೂರಾಡುವುದು ಮೊಮ್ಮಗನಿಗೂ ಸಾಧ್ಯವಿಲ್ಲ. ನಮ್ಮ ಊರಿನ ಪಂಪ್‌ಸೆಟ್ ಮನೆಯ ಹಿಂದೆ ಇಲ್ಲದೇ ಹೋದದ್ದು ಈ ಎರಡು ಜೊತೆ ಕಣ್ಣು.

ಐಮರದ ತುದಿಯಲ್ಲಿ ತಲೆಗೆ ವಸ್ತ್ರ ಕಟ್ಟಿದ ಒಬ್ಬ ಅಜ್ಜಿ. ಸೀರೆಯ ನೆರಿಗೆಯನ್ನು ಬೆನ್ನಿಗೆ ಸಿಕ್ಕಿಸಿ ಉಟ್ಟ ಕೊಡವ ಉಡುಗೆ. ಅವರ ಕೈಯಲ್ಲೂ ಬ್ರಾಂದಿಯ ಪುಟ್ಟ ಲೋಟ, ಜೊತೆಗೆ ಬಿಸಿನೀರು. ಕುಡಿಯುವುದಕ್ಕಿಂತ ಹೆಚ್ಚು ಹೊತ್ತು ಅದನ್ನು ಹಿಡಿದುಕೊಂಡೇ ಇದ್ದರು. “ನಿಮ್ಮ ಕಡೆ ಹೆಂಗಸರು ತೆಗೆದುಕೊಳ್ಳುವುದಿಲ್ಲ ಅಲ್ವಾ?” ಎಂದರು. ಇಲ್ಲ ಅವ್ವ, ಎಂದೆ. “ಗಂಡಸರು?” ನಾನು ಉತ್ತರ ಹುಡುಕುತ್ತಿರುವಾಗಲೇ ಅವರ ಗಮನ ಬೇರೆ ಕಡೆ ಹೋಯಿತು, ನನಗೆ ಸಮಾಧಾನವಾಯಿತು. ಅವರು ಮದುಮಗಳಾಗಿ ಈ ಮನೆಗೆ ಬಂದಾಗ ಇಲ್ಲಿ ವಿದ್ಯುತ್ತಿರಲಿಲ್ಲ. ಅಂಗಳಕ್ಕೆ ಬರುತ್ತಿದ್ದದ್ದು ಕಳ್ಳು ಮತ್ತು ಸಾರಾಯಿ. ಕಳ್ಳು ಹೊತ್ತವರು ಓಣಿ ಏರಿ ಬರುವುದನ್ನು ಮಾಳಿಗೆಯ ಕಿಟಕಿಯಿಂದ ನೋಡಿದ ನೆನಪು ಅವರಿಗಿದೆ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದು ನಿಂತದ್ದು ಒಳ್ಳೆಯದೇ ಆಯಿತು ಎಂದರು ಅಜ್ಜಿ, ಎರಡನೇ ಮಾತಿಲ್ಲದೆ.

ಒಳಗಿನಿಂದ ಬಟ್ಟಲುಗಳು ಬರತೊಡಗಿದವು. ಮೆಣಸು ಹಚ್ಚಿ ಹುರಿದ ಪಂದಿ, ಕೋಳಿಯ ಈಲಿ, ಕಣಿಲೆ ಪಲ್ಯ, ಅಣಬೆ. ಖಾಲಿ ಹೊಟ್ಟೆಗೆ ಲೋಟ ಕೊಡುವುದು ಇಲ್ಲಿ ಮನೆಯವರಿಗೆ ಅವಮಾನ. ಇದರ ಹಿಂದೆ ದೇಹದ ಲೆಕ್ಕವಿದೆ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ. 42.8 ಮದ್ಯಸಾರ. 60 ಮಿಲಿಲೀಟರಿನ ಒಂದು ಲಾರ್ಜ್‌ನಲ್ಲಿ ಹೆಚ್ಚುಕಡಿಮೆ 20 ಗ್ರಾಂ. ಆರೋಗ್ಯವಂತನ ಯಕೃತ್ತು ಗಂಟೆಗೆ ಎಂಟರಿಂದ ಹತ್ತು ಗ್ರಾಂ ಕರಗಿಸಿದರೆ ಅದೇ ದೊಡ್ಡದು. ಅಂದರೆ ಒಂದು ಲಾರ್ಜ್ ಇಳಿಯುವುದಕ್ಕೇ ಎರಡು ಗಂಟೆ ಬೇಕು. ಹೊಟ್ಟೆಯಲ್ಲಿ ಅನ್ನ, ಮಾಂಸ ಇದ್ದರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಖಾಲಿ ಹೊಟ್ಟೆಗಾದರೆ ನುಗ್ಗುತ್ತದೆ. ಬಿಯರಾದರೆ ಏನೂ ಆಗದು ಎಂಬ ನಂಬಿಕೆ ನಮ್ಮ ಹುಡುಗರಲ್ಲಿ ಗಟ್ಟಿಯಾಗಿದೆ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಇರುವುದು 40 ಗ್ರಾಂ, ಎರಡು ಲಾರ್ಜ್‌ಗೆ ಸಮ. ಸುಬೇದಾರರ ಟಬ್ಬಿನಲ್ಲಿ ಸ್ಟ್ರಾಂಗ್ ಇರಲೇ ಇಲ್ಲ.

ಗೆಳೆಯನ ಕಚೇರಿಯಿಂದ ಬಂದ ಯುವಕನೊಬ್ಬ ಲೋಟ ಬೇಡವೆಂದ. “ಸರಿ” ಎಂದು ಹುಡುಗ ಟ್ರೇಯನ್ನು ತಿರುಗಿಸಿ ಶರಬತ್ತಿನ ಕಡೆ ತೋರಿಸಿದ. ಅಷ್ಟೇ. ಏಕೆ, ಏನು, ವ್ರತವೇ, ಮಾತ್ರೆಯೇ ಎಂಬ ವಿಚಾರಣೆ ನಡೆಯಲಿಲ್ಲ. ಊಟಕ್ಕೆ ಒತ್ತಾಯ ಮಾಡುವುದು ನಮ್ಮ ನಾಡಿನ ಎಲ್ಲ ಕಡೆಯೂ ಪ್ರೀತಿಯ ಲಕ್ಷಣ. ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಹೋಳಿಗೆ ಜಾರಿಸುವ ಜನ ನಾವು. ಆ ಒತ್ತಾಯವನ್ನೇ ಲೋಟಕ್ಕೂ ತಂದುಬಿಟ್ಟಿದ್ದೇವೆ. ‘ನನ್ನಾಣೆ, ಒಂದೇ ಒಂದು’ ಎಂಬ ಮಾತಿಗೆ ಸಿಕ್ಕಿ ಬಿಟ್ಟ ಚಟಕ್ಕೆ ಮರಳಿದವರನ್ನು ನಾನು ಬಲ್ಲೆ. ಮದ್ಯ ಬೇಡ ಎಂದವನಿಗೆ ಎರಡನೇ ಸಲ ಹೇಳುವುದು ಪ್ರೀತಿಯಲ್ಲ, ಅದು ಹಿಂಸೆ.

ಮರುದಿನದ ಮದುವೆಯನ್ನು ಇಲ್ಲಿ ಪೂರ್ತಿ ಬರೆಯಲಾರೆ. ಪುರೋಹಿತರಿಲ್ಲದ ಮದುವೆ ಅದು. ಹಿರಿಯರು ಹರಸಿ ನಡೆಸುವುದು. ಮದುಮಗ ಬಿಳಿಯ ಕುಪ್ಪಸ, ಕೆಂಪು ಚೇಲೆ, ಸೊಂಟಕ್ಕೆ ಪೀಚೆಕತ್ತಿ. ದುಡಿ ಹಿಡಿದ ನಾಲ್ವರು ಒಕ್ಕದ ಹಿರಿಮೆ ಹಾಡಿದರು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ಯಲ್ಲಿ ಇಂಥ ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿಟ್ಟದ್ದರಿಂದ ಇವತ್ತಿನ ಹುಡುಗರಿಗೂ ಅದು ದಕ್ಕುತ್ತಿದೆ. ನನ್ನ ಕಣ್ಣಿನಲ್ಲಿ ನಿಂತದ್ದು ರಾತ್ರಿಯ ನೀರು ತರುವ ಶಾಸ್ತ್ರ.

ಮನೆ ತುಂಬಿದ ಸೊಸೆ ಬಾವಿಗೆ ಹೋಗಿ, ಗಂಗೆಗೆ ಪೂಜೆ ಮಾಡಿ, ತಲೆಯ ಮೇಲೆ ಕೊಡ ಹೊತ್ತು ಮನೆಗೆ ಬರಬೇಕು. ಗಂಡಿನ ಕಡೆಯವರು ಅವಳ ದಾರಿಗೆ ಅಡ್ಡಲಾಗಿ ಕುಣಿಯುತ್ತಾರೆ. ವಾಲಗ ಏರುತ್ತದೆ, ಕುಣಿತ ಏರುತ್ತದೆ. ಸೊಸೆ ಒಂದು ಹೆಜ್ಜೆ ಮುಂದಿಟ್ಟರೆ ಕುಣಿಯುವವರು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಬಾವಿಯಿಂದ ಹೊಸ್ತಿಲಿಗೆ ಇರುವ ಐವತ್ತು ಮಾರು ದಾರಿ ಗಂಟೆಗಟ್ಟಲೆ ಹಿಡಿಯುವುದುಂಟು. ಹೊಸ ಮನೆಗೆ ಬಂದವಳ ತಾಳ್ಮೆಯನ್ನು ನೋಡುವ ಆಟ ಅದು, ಚೆಂದದ ಆಟವೇ. ವಾಲಗದ ಆ ಲಯಕ್ಕೆ ಕಾಲು ಎತ್ತದವರಿಲ್ಲ; ನಾನೂ ಕುಣಿದೆ. ಕರಿಯ ಕುಪ್ಪಸಗಳು, ಬೆವರಿದ ಮುಖಗಳು, ಪೆಟ್ರೋಮ್ಯಾಕ್ಸ್ ಹೋಗಿ ಬಂದ ಎಲ್‌ಇಡಿ ಬೆಳಕು, ಅದರ ನಡುವೆ ಕೊಡ ಹೊತ್ತು ನಗುತ್ತ ನಿಂತ ಹುಡುಗಿ.

ಆದರೆ ಕುಣಿಯುವವರ ಹೊಟ್ಟೆಯಲ್ಲಿ ಮೂರು ಲೋಟಕ್ಕಿಂತ ಹೆಚ್ಚಿಗೆ ಬಿದ್ದರೆ ಆಟ ಆಟವಾಗಿ ಉಳಿಯುವುದಿಲ್ಲ. ಮುಕ್ಕಾಲು ಗಂಟೆ ಕಳೆದಿತ್ತು. ಹುಡುಗಿಯ ನಗು ಸಣ್ಣಗಾಗಿತ್ತು. ಕುತ್ತಿಗೆಯ ನರ ಬಿಗಿದದ್ದು ಕಾಣುತ್ತಿತ್ತು. ದೂರದ ನೆಂಟನೊಬ್ಬ, ಹೊರಗೆಲ್ಲೋ ಕುಡಿದು ಬಂದವನು, ಕೊಡದ ತೀರ ಹತ್ತಿರಕ್ಕೆ ಬಂದು ಕೈ ಬೀಸತೊಡಗಿದ. ಆಗ ಐಮರದಿಂದ ಆ ಅಜ್ಜಿ ಎದ್ದರು. ಅಂಗಳ ದಾಟಿ ನೇರ ವಾಲಗದವರ ಬಳಿಗೆ ಹೋಗಿ ಕೈಯೆತ್ತಿದರು. ವಾಲಗ ನಿಂತಿತು. ವಾಲಗ ನಿಂತ ಮೇಲೆ ಕುಣಿಯುವುದೆಲ್ಲಿ? ಇಬ್ಬರು ಹುಡುಗರು ಆ ನೆಂಟನ ಹೆಗಲ ಮೇಲೆ ಕೈಹಾಕಿ ಹಿತ್ತಿಲಿಗೆ ಕರೆದೊಯ್ದು ಕಾಫಿ ಕೊಟ್ಟರು. ಸೊಸೆ ಹೊಸ್ತಿಲು ದಾಟಿದಳು. ಒಂದು ಬೈಗುಳವಿಲ್ಲ, ಒಂದು ಏಟಿಲ್ಲ. ಮದ್ಯ ಕೊಡುವ ಮನೆಯಲ್ಲಿ ಹೀಗೆ ಕೈಯೆತ್ತಿ ನಿಲ್ಲಿಸಬಲ್ಲ ಒಬ್ಬರು ಇರಲೇಬೇಕು. ಇಲ್ಲದಿದ್ದರೆ ಕೊಡಬಾರದು.

ಕೊಡಗಿನಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಅದೇ ರಾತ್ರಿ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ತೋಟದ ಕೆಲಸದ ಹೆಂಗಸೊಬ್ಬಳು ಗಂಡನ ಲೋಟವನ್ನು ಕಸಿದು ನೀರಿಗೆ ಸುರಿದದ್ದನ್ನೂ ನೋಡಿದೆ. ತೋಟದ ಕೆಲಸದವರ ಲೈನ್‌ಮನೆಗಳಲ್ಲಿ ಕುಡಿತ ಹಬ್ಬದ ಮಾತಲ್ಲ. ವಾರದ ಬಟವಾಡೆಯನ್ನು ನುಂಗುವ ಬಾಯಿ. 90 ಮಿಲಿಲೀಟರಿನ ಅಗ್ಗದ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಆ ಕುಡಿತಕ್ಕೆ ಮೇಜಿಲ್ಲ, ಬಿಳಿ ಬಟ್ಟೆಯಿಲ್ಲ, ಐಮರದ ಕಣ್ಣುಗಳಿಲ್ಲ. ಒಡೆಯರ ಅಂಗಳದಲ್ಲಿ ಅಳತೆಯ ಬಟ್ಟಲು ಹಿಡಿಯುವವರು ಹಿತ್ತಿಲಿನ ಬಾಟಲಿಗೂ ಅದೇ ಅಳತೆ ಹಿಡಿಯಬೇಕಿತ್ತು. ಗೆಳೆಯನಿಗೆ ಇದನ್ನು ಹೇಳಿದೆ. ಅವನು ತಲೆತಗ್ಗಿಸಿ, “ಹೌದು, ಅದನ್ನು ನಾವು ನೋಡುವುದಿಲ್ಲ” ಎಂದ. ಕೊಡವ ಸಮಾಜಗಳ ಹಿರಿಯರಲ್ಲೂ ಈಗ ಮಾತು ಎದ್ದಿದೆ: ಕೇಕ್ ಕತ್ತರಿಸಿ ಶಾಂಪೇನ್ ಚಿಮ್ಮಿಸುವುದು ನಮ್ಮ ಪದ್ಧತಿಯಲ್ಲ, ಬೇಡ ಎಂದು. ಹಿರಿಯರ ಎಡೆಗೆ ಇಟ್ಟ ಪದಾರ್ಥವನ್ನು ನೆಲಕ್ಕೆ, ಗೋಡೆಗೆ, ಹೆಣ್ಣುಮಕ್ಕಳ ಸೀರೆಗೆ ಚಿಮ್ಮಿಸುವುದನ್ನು ಅವರು ಸಹಿಸುವುದಾದರೂ ಹೇಗೆ?

ಕರಾವಳಿಯಲ್ಲೂ ಇದೇ ಚರ್ಚೆಯಿದೆ. ಮಂಗಳೂರಿನ ಕ್ರೈಸ್ತರ ಮದುವೆಯಲ್ಲಿ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರದ ರಾತ್ರಿ, ಮರುದಿನ ಲೋಟವೆತ್ತಿ ದಂಪತಿಗೆ ಶುಭ ಕೋರುವ ಟೋಸ್ಟ್, ಎರಡೂ ಬಹಿರಂಗವಾಗಿಯೇ ನಡೆಯುತ್ತವೆ. ಅತ್ತ ತುಳುನಾಡಿನ ಇತರ ಸಮುದಾಯಗಳಲ್ಲಿ ಮದರಂಗಿ ರಾತ್ರಿ ಎಂಬುದು ಹೆಣ್ಣುಮಕ್ಕಳ ಅಂಗೈಯ ಸಂಭ್ರಮವಾಗಿದ್ದದ್ದು ಡಿಜೆ, ಬಾಟಲಿಗಳ ರಾತ್ರಿಯಾಗಿ ಬೆಳೆದಿದೆ. ಹಿರಿಯರು ಮಲಗಿದ ಮೇಲೆ ಶುರುವಾಗುವ ಮದ್ಯಕ್ಕೆ ಯಾರ ಅಂಕೆ?

ಇನ್ನು ವಾಹನದ ಮಾತು. ಕುಟ್ಟದ ಕಡೆ, ಮಾಕುಟ್ಟದ ಕಡೆ, ಮಡಿಕೇರಿಯ ಇಳಿಜಾರಿನ ಕಡೆ, ಎತ್ತ ಹೊರಟರೂ ಇಲ್ಲಿ ತಿರುವು, ಮಂಜು, ಒಮ್ಮೊಮ್ಮೆ ಆನೆ. ರಕ್ತದ 100 ಮಿಲಿಲೀಟರಿನಲ್ಲಿ 30 ಮಿಲಿಗ್ರಾಂ ಮೀರಿದರೆ ಗಾಡಿ ಓಡಿಸುವುದು ಅಪರಾಧ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಖಾಲಿ ಹೊಟ್ಟೆಗೆ ಬಿದ್ದ ಒಂದೇ ಲಾರ್ಜ್ ಅನೇಕರನ್ನು ಆ ಗೆರೆ ದಾಟಿಸಬಲ್ಲದು. ಸುಬೇದಾರರ ಮೇಜಿನ ಎಡತುದಿಯಲ್ಲಿ ನಾನು ಮೊದಲ ದಿನ ಗಮನಿಸದೇ ಹೋದ ವಸ್ತುವೊಂದಿತ್ತು. ಚಕ್ಕುಲಿ ತುಂಬಿಡುವಂಥ ದೊಡ್ಡ ಸ್ಟೀಲ್ ಡಬ್ಬಿ. ಮೊದಲ ಲೋಟ ಕೇಳಿದವನು ತನ್ನ ಗಾಡಿಯ ಕೀಲಿಕೈಯನ್ನು ಅದರೊಳಗೆ ಹಾಕಬೇಕು. ಕೀಲಿಗೆ ದಾರ ಕಟ್ಟಿ ಹೆಸರಿನ ಚೀಟಿ ಅಂಟಿಸಲು ಒಬ್ಬ ಹುಡುಗ. ಕುಡಿಯದ ಆರು ಮಂದಿ ಚಾಲಕರನ್ನು ಗೊತ್ತುಮಾಡಿ, ಎರಡು ಜೀಪು, ಒಂದು ವ್ಯಾನು ಓಣಿಯ ಬುಡದಲ್ಲಿ ನಿಲ್ಲಿಸಿದ್ದರು. ದೂರದವರಿಗೆ ಮಾಳಿಗೆಯಲ್ಲಿ ಚಾಪೆ, ಕಂಬಳಿ. ಮದುವೆಯ ಖರ್ಚಿನಲ್ಲಿ ಇದೂ ಸೇರಿತ್ತು, ಐಸಿನ ಹಾಗೆ, ಸೋಡಾದ ಹಾಗೆ.

ಮದುವೆಯ ದಿನ ರಾತ್ರಿ ಹತ್ತೂವರೆಗೆ ಸುಬೇದಾರರು ಮೇಜಿನ ಬಿಳಿ ಬಟ್ಟೆ ಮಡಚಿದರು. ಊಟ ಇನ್ನೂ ನಡೆಯುತ್ತಿತ್ತು, ಮದ್ಯ ಮುಗಿದಿತ್ತು. ನಲವತ್ತೆಂಟರಲ್ಲಿ ಒಂಬತ್ತು ಬಾಟಲಿ ಮುಚ್ಚಳ ತೆರೆಯದೆ ಉಳಿದಿದ್ದವು. ಎಣಿಸಿ, ಫೈಲಿನಲ್ಲಿ ಬರೆದು, ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು. ಆಮೇಲೆ ತಮಗೊಂದು ಲೋಟ ಸುರಿದುಕೊಂಡರು, ಎರಡು ದಿನಗಳಲ್ಲಿ ಮೊದಲನೆಯದು. ಎರಡು ಹನಿ ನೆಲಕ್ಕೆ ಬಿಟ್ಟು ಐಮರದ ಮೇಲೆ ಅಜ್ಜಿಯ ಪಕ್ಕದಲ್ಲಿ ಕೂತರು.

ಬೆಳಗ್ಗೆ ಏಳಕ್ಕೆ ನಾನು ಹೊರಟಾಗ ಡಬ್ಬಿಯಲ್ಲಿ ಹನ್ನೊಂದು ಕೀಲಿಕೈ ಇನ್ನೂ ಉಳಿದಿದ್ದವು. ಅವುಗಳಲ್ಲಿ ಒಂದು ನನ್ನದು.

ಮುಂದಿನ ಬೇಸಿಗೆಗೆ ಮನೆಯಲ್ಲಿ ಮದುವೆ ಇಟ್ಟುಕೊಂಡವರಲ್ಲಿ ನನ್ನದೊಂದು ಕೋರಿಕೆ. ಮದ್ಯ ಕೊಡುವುದೂ ಬಿಡುವುದೂ ನಿಮ್ಮ ಮನೆಯ ಪದ್ಧತಿ, ನಿಮ್ಮ ಮನಸ್ಸು. ಕೊಡುವುದೇ ಆದರೆ ಪಾತ್ರೆ ಸಾಮಾನಿನ ಪಟ್ಟಿಗೆ ಒಂದು ಸ್ಟೀಲ್ ಡಬ್ಬಿಯನ್ನೂ ಸೇರಿಸಿ, ಅದನ್ನು ಕಾಯಲು ಆ ದಿನ ಕುಡಿಯದಿರುವ ಒಬ್ಬರನ್ನು ಈಗಲೇ ಕೇಳಿಟ್ಟುಕೊಳ್ಳಿ.